ಓದುಗರ ಪ್ರಶ್ನೆ, ತಜ್ಞರ ಉತ್ತರ: ಕೊಡೆ ಮರಗಳ ಸೊಕೊಟ್ರಾ

ಹಿಂದಿನ ಸಂಚಿಕೆಯ ಸೊಕೊಟ್ರಾ ಚಿತ್ರಪುಟಗಳನ್ನು ನೋಡಿ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರ: ಸೊಕೊಟ್ರಾ ಯಾವ ದೇಶದ್ದು? ಅಲ್ಲಿನ ಗಿಡಮರಗಳು ಬೇರೆಲ್ಲೂ ಯಾಕಿಲ್ಲ?

ಉ: ದ್ವೀಪ ಯೆಮನ್ ದೇಶದ್ದು. ಆದರೆ ಅರೇಬಿಯಾಕ್ಕಿಂತ ಆಫ್ರಿಕಾದ ಕೊಂಬೇ ಅದಕ್ಕೆ ಹತ್ತಿರ: ಅರಬ್ ಕರಾವಳಿ ಸುಮಾರು 380 ಕಿ.ಮೀ. ದೂರ, ಸೊಮಾಲಿಯಾದ ತುದಿ ಸುಮಾರು 240 ಕಿ.ಮೀ. ಪೂರ್ವ-ಪಶ್ಚಿಮವಾಗಿ ಸುಮಾರು 130 ಕಿ.ಮೀ. ಉದ್ದವಿದೆ. ಸಮುದ್ರದ ತಳದಿಂದ ಉಕ್ಕಿದ ಜ್ವಾಲಾಮುಖಿ ದ್ವೀಪ ಇದಲ್ಲ. ಏಡನ್ ಕೊಲ್ಲಿ ಬಾಯ್ತೆರೆದಾಗ ಅರೇಬಿಯಾದ ಅಂಚಿನಿಂದ ಕಳಚಿಕೊಂಡ ಭೂಖಂಡದ ತುಂಡು. ನಡುವೆ ಹಜ್ಹಿರ್ ಪರ್ವತದ ಗ್ರಾನೈಟ್ ಚೂಪುಗಳು, ಸುತ್ತ ಸುಣ್ಣಕಲ್ಲಿನ ಪ್ರಸ್ಥಭೂಮಿ, ಅಂಚಿನಲ್ಲಿ ಒಣ ಬಯಲು ಮತ್ತು ಬಿಳಿ ಮರಳ ದಿಬ್ಬಗಳು. ಲಕ್ಷಾಂತರ ವರ್ಷಗಳ ಒಂಟಿತನದ ಫಲವಾಗಿ ಅಲ್ಲಿನ ಸುಮಾರು 825 ಸಸ್ಯ ಪ್ರಭೇದಗಳಲ್ಲಿ ಶೇ 37ರಷ್ಟು ಜಗತ್ತಿನ ಬೇರೆಲ್ಲೂ ಸಿಗುವುದಿಲ್ಲ. ಹಲ್ಲಿ, ಹಾವಿನಂಥ ಸರೀಸೃಪಗಳಲ್ಲಿ ಈ ಪಾಲು ಶೇ 90. ಯುನೆಸ್ಕೊ 2008ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರ: ಆ 'ಡ್ರಾಗನ್ ಬ್ಲಡ್' ಮರಕ್ಕೆ ಗಾಳಿಗೆ ಮಡಚಿಕೊಂಡ ಕೊಡೆಯ ಆಕಾರ ಹೇಗೆ ಬಂತು? ಯಾರಾದರೂ ಕತ್ತರಿಸಿ ರೂಪ ಕೊಡುತ್ತಾರೆಯೇ?

ಉ: ಯಾರೂ ಕತ್ತರಿಸುವುದಿಲ್ಲ. ಅದರ ಶಾಸ್ತ್ರೀಯ ಹೆಸರು ಡ್ರಸೀನಾ ಸಿನ್ನಬಾರಿ. ಗಿಡ ಮೊದಲು ಒಂದೇ ಕಾಂಡವಾಗಿ ನೆಟ್ಟಗೆ ಬೆಳೆಯುತ್ತದೆ. ತುದಿಯ ಮೊಗ್ಗು ಹೂವಾಯಿತೆಂದರೆ ಅಲ್ಲಿಗೆ ಅದರ ಬೆಳವಣಿಗೆ ಮುಗಿಯಿತು. ಕೆಳಗಿನಿಂದ ಎರಡೋ ಮೂರೋ ಹೊಸ ಕವಲು ಒಡೆಯುತ್ತವೆ. ಆ ಕವಲುಗಳೂ ಹೂ ಬಿಟ್ಟ ಮೇಲೆ ಮತ್ತೆ ಕವಲು. ಹೀಗೆ ಎಲ್ಲ ತುದಿಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಎಲೆ ಇರುವುದು ಎಳೆಯ ತುದಿಗಳಲ್ಲಿ ಮಾತ್ರ, ಕತ್ತಿಯಂತೆ ಬಿರುಸಾಗಿ, 60 ಸೆಂ.ಮೀ. ವರೆಗೆ ಉದ್ದ. ಅದಕ್ಕೇ ಮೇಲೆ ದಟ್ಟ ಹಸಿರು ಚಪ್ಪರ, ಕೆಳಗೆ ಬರೀ ಕಡ್ಡಿಗಳು ಕಾಣುತ್ತವೆ.

ಈ ಚಪ್ಪರದ ಕೆಲಸ ನೆರಳು ಕೊಡುವುದಷ್ಟೇ ಅಲ್ಲ. ಎತ್ತರದ ಪ್ರದೇಶದಲ್ಲಿ ಮಳೆಗಿಂತ ಮಂಜೇ ಹೆಚ್ಚು ಭರವಸೆಯ ನೀರು. ತೇಲಿಬರುವ ಮಂಜು ಮೇಲ್ಮುಖವಾದ ಎಲೆಗಳಿಗೆ ತಾಗಿ ಹನಿಗಟ್ಟುತ್ತದೆ, ಎಲೆಯ ಬುಡಕ್ಕೆ ಜಾರುತ್ತದೆ, ಕೊಂಬೆ ಹಿಡಿದು ಕಾಂಡಕ್ಕೆ, ಅಲ್ಲಿಂದ ಬೇರಿಗೆ ಇಳಿಯುತ್ತದೆ. ಇಳಿದ ನೀರು ಬಿಸಿಲಿಗೆ ಆರದಂತೆ ಅದೇ ಚಪ್ಪರದ ನೆರಳು ಕಾಯುತ್ತದೆ. ಆದ್ದರಿಂದ ಮರವೊಂದು ಉರುಳಿದರೆ ಅದರ ಬುಡದಲ್ಲಿ ಬದುಕಿದ್ದ ಸಣ್ಣ ಗಿಡಗಳಿಗೂ ನೀರು ತಪ್ಪುತ್ತದೆ.

ವಯಸ್ಸು ಲೆಕ್ಕಹಾಕುವುದು ಸುಲಭವಲ್ಲ. ಏಕದಳ ಸಸ್ಯವಾದ್ದರಿಂದ ಕಾಂಡದೊಳಗೆ ವರ್ಷದ ಉಂಗುರಗಳಿಲ್ಲ. ಬುಡದಿಂದ ತುದಿಯವರೆಗೆ ಎಷ್ಟು ಸಲ ಕವಲೊಡೆದಿದೆ ಎಂದು ಎಣಿಸಿ, ಒಂದು ಹೂಬಿಡುವಿಕೆಯಿಂದ ಇನ್ನೊಂದಕ್ಕೆ ಹಿಡಿಯುವ ಸರಾಸರಿ ಕಾಲದಿಂದ ಗುಣಿಸಬೇಕು. ಹಳೆಯ ಮರಗಳು ನೂರಾರು ವರ್ಷದವು ಎಂದು ಸಿಗುವುದು ಈ ಲೆಕ್ಕದಿಂದ. 'ಸಾವಿರಾರು ವರ್ಷದ ಮರ' ಎಂದು ಬರೆದಿರುವ ಚಿತ್ರಗಳನ್ನು ಅಷ್ಟಾಗಿ ನಂಬಬೇಡಿ.

ಪ್ರ: ಆ ಮರದ ಕೆಂಪು ಅಂಟನ್ನು ತೆಗೆಯುವುದು ಹೇಗೆ? ಪೇಟೆಯಲ್ಲಿ 'ಡ್ರಾಗನ್ ಬ್ಲಡ್' ಎಂದು ಮಾರುವುದು ಇದೇನಾ?

ಉ: ತೊಗಟೆಯಲ್ಲಿ ತಾನಾಗಿ ಆದ ಬಿರುಕನ್ನು ಚಾಕುವಿನಿಂದ ಸ್ವಲ್ಪ ಅಗಲಿಸುತ್ತಾರೆ, ಇಲ್ಲವೇ ಹೊಸದಾಗಿ ಸಣ್ಣ ಗಾಯ ಮಾಡುತ್ತಾರೆ. ಒಸರಿದ ರಾಳ ಹನಿಹನಿಯಾಗಿ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಕೆರೆದು ತೆಗೆಯುತ್ತಾರೆ. ತೊಗಟೆಯ ಚೂರಿಲ್ಲದ ಶುದ್ಧ ಹನಿಗಳಿಗೆ ಬೆಲೆ ಜಾಸ್ತಿ. ಪುಡಿ, ಚೂರುಗಳನ್ನು ಕಾಯಿಸಿ ಉಂಡೆ ಕಟ್ಟಿದ್ದು ಕೆಳದರ್ಜೆಯದು. ಗಾಯ ಆಳವಾದರೆ ನೀರು ನಿಂತು ಒಳಗಿನ ತಿರುಳು ಕೊಳೆಯುತ್ತದೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡ ಮರ ಮುಂದಿನ ಬಿರುಗಾಳಿಗೆ ಬುಡಮೇಲಾಗುತ್ತದೆ.

ದ್ವೀಪದವರು ಇದನ್ನು ಗಾಯಕ್ಕೆ, ಹೊಟ್ಟೆಯ ತೊಂದರೆಗೆ, ಮಡಕೆಗೆ ಬಣ್ಣ ಹಚ್ಚುವುದಕ್ಕೆ ಬಳಸುತ್ತಾರೆ. ನೀರಿನಲ್ಲಿ ಕರಗದು, ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ವಾರ್ನಿಷ್‌ಗೆ ಒದಗಿದ್ದು ಆ ಗುಣದಿಂದ. ಪೇಟೆಯ ಮಾತಿಗೆ ಬಂದರೆ, ಇಂದು ಆ ಹೆಸರಿನಲ್ಲಿ ಬಿಕರಿಯಾಗುವ ಬಹುಪಾಲು ಸರಕು ಆಗ್ನೇಯ ಏಷ್ಯಾದ ಬೆತ್ತದ ಜಾತಿಯ ಕಾಯಿಗಳಿಂದ ಬಂದದ್ದು. ಬಣ್ಣ ನೋಡಿ ಬೇರೆ ಮಾಡಲಾಗದು, ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಎರಡರಲ್ಲಿ ಯಾವುದೇ ಆಗಲಿ, ಹೊಟ್ಟೆಗೆ ತೆಗೆದುಕೊಳ್ಳಬೇಡಿ.

ಪ್ರ: ಅಷ್ಟೊಂದು ಮರಗಳಿವೆಯಲ್ಲ, ಅಳಿವಿನ ಭಯ ಏಕೆ?

ಉ: ಚಿತ್ರವನ್ನು ಇನ್ನೊಮ್ಮೆ ನೋಡಿ, ಮರಿಗಿಡ ಹುಡುಕಿ. ಫಿರ್ಮಿಹಿನ್‌ನಂಥ ದಟ್ಟ ಕಾಡಿನಲ್ಲೂ ನಿಂತಿರುವುದು ಹೆಚ್ಚಾಗಿ ಒಂದೇ ವಯಸ್ಸಿನ ಮುದಿ ಮರಗಳು. ಹಣ್ಣು ಬಿಡುತ್ತದೆ, ಬೀಜ ಮೊಳೆಯುತ್ತದೆ, ಮೊಳೆತದ್ದನ್ನು ಮೇಕೆ ಮೇಯುತ್ತದೆ. ಸಸಿಯ ಬೆಳವಣಿಗೆ ಎಷ್ಟು ನಿಧಾನವೆಂದರೆ ವರ್ಷಗಟ್ಟಲೆ ಅದು ಮೇಕೆಯ ಬಾಯಿಗೆ ಎಟುಕುವ ಎತ್ತರದಲ್ಲೇ ಇರುತ್ತದೆ. ಕಡಿದಾದ ಬಂಡೆಯ ಸಂದಿಯಲ್ಲಿ ಬಿದ್ದ ಬೀಜಗಳಷ್ಟೇ ಪಾರಾಗುತ್ತವೆ. 2015ರ ನವೆಂಬರ್‌ನಲ್ಲಿ ಚಪಾಲಾ ಮತ್ತು ಮೇಘ್ ಎಂಬ ಎರಡು ಚಂಡಮಾರುತಗಳು ಕೆಲವೇ ದಿನಗಳ ಅಂತರದಲ್ಲಿ ಬಡಿದವು, 2018ರಲ್ಲಿ ಮೆಕುನು ಬಂತು. ಬಿದ್ದ ಮರದ ಜಾಗ ತುಂಬಲು ಹಿಂದೆ ಪಾಳಿಯಲ್ಲಿ ಎಳೆಯ ಮರ ಇರಲಿಲ್ಲ.

ಸಸಿ ನೆಟ್ಟ ಮಾತ್ರಕ್ಕೆ ಈ ಸಮಸ್ಯೆ ತೀರದು. ಸುತ್ತ ಕಲ್ಲಿನ ಗೋಡೆಯೋ ತಂತಿ ಬೇಲಿಯೋ ಬೇಕು, ಮೊದಲ ವರ್ಷಗಳಲ್ಲಿ ನೀರು ಹೊರಬೇಕು, ಬೇಲಿಯನ್ನು ದಶಕಗಳ ಕಾಲ ರಿಪೇರಿ ಮಾಡುತ್ತಿರಬೇಕು. ಒಂದು ಕಡೆ ಕಲ್ಲು ಜಾರಿದರೆ ಸಾಕು, ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷದ ಶ್ರಮ ಮೇಕೆಯ ಹೊಟ್ಟೆ ಸೇರುತ್ತದೆ. ಹಾಗೆಂದು ಮೇಕೆ ಬೇಡ ಎನ್ನುವಂತಿಲ್ಲ, ಅಲ್ಲಿನವರ ಹಾಲು, ತುಪ್ಪ, ಮಾಂಸ ಎಲ್ಲವೂ ಅದೇ.

ಪ್ರ: ಬಾಟಲಿಯಂತೆ ಊದಿಕೊಂಡ ಆ ಮರಗಳೆಲ್ಲ ಒಂದೇ ಜಾತಿಯೇ?

ಉ: ಅಲ್ಲ, ಎರಡನ್ನು ಜನ ಬೆರೆಸಿಬಿಡುತ್ತಾರೆ. ಗುಲಾಬಿ ಹೂವಿನದು ಡೆಸರ್ಟ್ ರೋಸ್, ಅಂದರೆ ಅಡೀನಿಯಂ. ಎಲೆ ಉದುರಿಸಿ ಬೋಳಾಗಿರುವಾಗಲೇ ಹೂ ಬಿಡುತ್ತದೆ. ಹಾಲು ವಿಷ, ಹಾಗಾಗಿ ಮೇಕೆಯೂ ದೂರ. ಇನ್ನೊಂದು ಸೌತೆ ಮರ, ಡೆಂಡ್ರೊಸಿಸಿಯೋಸ್. ಸೌತೆ, ಕುಂಬಳಗಳ ಕುಟುಂಬದಲ್ಲಿ ಮರವಾಗಿ ಬೆಳೆಯುವುದು ಇದೊಂದೇ. ಕಾಂಡದ ತುಂಬ ನೀರಿನ ತಿರುಳು. ಬರ ಬಂದಾಗ ಅದನ್ನು ಕಡಿದು, ಕೊಚ್ಚಿ ಮೇಕೆಗಳಿಗೆ ಹಾಕುತ್ತಾರೆ. ವಿಷವಿಲ್ಲದ್ದೇ ಅದಕ್ಕೆ ಮುಳುವಾಗಿದೆ. ಅದರ ಎಳೆಯ ಗಿಡ ಉಳಿಯುವುದು ಮೇಕೆ ಮುಟ್ಟದ ಪೊದೆಗಳ ಮರೆಯಲ್ಲಿ.

ಪ್ರ: ಸೊಕೊಟ್ರಾದ ಲೋಳೆಸರ ಹಿಂದೆ ಬಹಳ ಹೆಸರುವಾಸಿಯಾಗಿತ್ತಂತೆ. ತಯಾರಿಸುತ್ತಿದ್ದದ್ದು ಹೇಗೆ?

ಉ: ಅದು ಅಲೊ ಪೆರಿಯೈ. ನೆಲದಲ್ಲಿ ತಗ್ಗು ತೋಡಿ ಮೇಕೆಯ ಚರ್ಮ ಹಾಸುತ್ತಾರೆ. ಎಲೆಗಳನ್ನು ಕಿತ್ತು, ಕತ್ತರಿಸಿದ ತುದಿ ಒಳಮುಖವಾಗಿ ಬರುವಂತೆ ತಗ್ಗಿನ ಸುತ್ತ ವೃತ್ತಾಕಾರವಾಗಿ ಜೋಡಿಸುತ್ತಾರೆ. ಸಿಪ್ಪೆಯ ಕೆಳಗಿನ ಹಳದಿ ಕಹಿ ರಸ ಕೆಲವು ಗಂಟೆಗಳಲ್ಲಿ ತಾನಾಗಿ ಸೋರುತ್ತದೆ. ಎಲೆಯನ್ನು ಹಿಂಡಬಾರದು, ಹಿಂಡಿದರೆ ಒಳಗಿನ ಲೋಳೆ ಬೆರೆತು ರಸ ಸರಿಯಾಗಿ ಗಟ್ಟಿಯಾಗುವುದಿಲ್ಲ. ಗಾಳಿ, ಬಿಸಿಲಿಗೆ ಬಿಟ್ಟರೆ ತಿಂಗಳಲ್ಲಿ ಪಾಕದ ಹದ, ಸುಮಾರು ಆರು ವಾರಕ್ಕೆ ಕಲ್ಲಿನಂತೆ ಗಟ್ಟಿ. ಈ ಕಹಿ ಗಟ್ಟಿ ಪ್ರಬಲ ಭೇದಿ ಔಷಧ. ಮುಖಕ್ಕೆ ಹಚ್ಚುವ ಲೋಳೆಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ಪ್ರ: ಜನ ಏನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ?

ಉ: ಕರಾವಳಿಯಲ್ಲಿ ಮೀನು, ಬೆಟ್ಟದಲ್ಲಿ ಮೇಕೆ, ಕಣಿವೆಯಲ್ಲಿ ಖರ್ಜೂರ. ಅಕ್ಕಿ, ಹಿಟ್ಟು, ಸಕ್ಕರೆ, ಚಹಾ ಹೊರಗಿನಿಂದ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾರುತದಲ್ಲಿ ಸಮುದ್ರ ಎಷ್ಟು ಕೆರಳುತ್ತದೆಂದರೆ ದೋಣಿಗಳನ್ನು ದಡಕ್ಕೆ ಎಳೆದಿಡುತ್ತಾರೆ. ಮುಖ್ಯ ಪಟ್ಟಣ ಹದಿಬೋದ ಮೇಲೆ ಬೆಟ್ಟದಿಂದಿಳಿಯುವ ಒಣ ಗಾಳಿ ಹಗಲಿರುಳು ಬೀಸುತ್ತದೆ. ಆದ್ದರಿಂದ ಮೀನು ಒಣಗಿಸಿ ಉಪ್ಪು ಹಾಕಿಡುವುದು, ಧಾನ್ಯ ತುಂಬಿಡುವುದು ಅದಕ್ಕೆ ಮುಂಚೆಯೇ ಮುಗಿಯಬೇಕು. ಗಾಳಿಯ ಆ ತಿಂಗಳುಗಳಲ್ಲೇ ಖರ್ಜೂರ ಹಣ್ಣಾಗುವುದು ಒಂದು ಪುಣ್ಯ. ಪರಾಗಸ್ಪರ್ಶ ಗಾಳಿಗೆ ಬಿಟ್ಟದ್ದಲ್ಲ: ಮರ ಹತ್ತಿ, ಗಂಡು ಹೂವಿನ ಎಳೆಗಳನ್ನು ಹೆಣ್ಣು ಗೊಂಚಲಿನ ನಡುವೆ ಸಿಕ್ಕಿಸಬೇಕು. ತಪ್ಪಿದರೆ ಬೀಜವಿಲ್ಲದ ಪೇಲವ ಕಾಯಿ. ಹಣ್ಣನ್ನು ಕಿವುಚಿ ಮೇಕೆ ಚರ್ಮದ ಚೀಲದಲ್ಲಿ ಒತ್ತಿ ತುಂಬಿದರೆ ತಿಂಗಳುಗಟ್ಟಲೆ ಕೆಡದು.

ಸುಣ್ಣಕಲ್ಲಿನ ನೆಲದಲ್ಲಿ ನೀರು ನಿಲ್ಲದ ಕಾರಣ ಪ್ರಸ್ಥಭೂಮಿಯಲ್ಲಿ ಮಳೆನೀರಿನ ಹೊಂಡಗಳೇ ಆಧಾರ. ಮನೆಮಾತು ಸೊಕೊಟ್ರಿ, ಅರಬ್ಬಿಯ ಉಪಭಾಷೆಯಲ್ಲ, ಬೇರೆಯೇ ಸೆಮಿಟಿಕ್ ಭಾಷೆ. ಊಟಕ್ಕೆ ಕೂತಲ್ಲಿ ಬಿಳಿ ರಣಹದ್ದುಗಳು ಕೋಳಿಗಳ ಹಾಗೆ ಸುತ್ತ ನಿಲ್ಲುತ್ತವೆ. ಮೂಳೆ, ಕರುಳು, ಕಸ ಎಲ್ಲ ಅವುಗಳ ಪಾಲು, ಪುರಸಭೆಗಿಂತ ಚುರುಕು.

ಪ್ರ: ಅಲ್ಲಿನ ಗುಹೆಯಲ್ಲಿ ಭಾರತೀಯ ಬರಹಗಳಿವೆಯೇ?

ಉ: ಇವೆ. ಈಶಾನ್ಯದ ಹೊಕ್ ಗುಹೆಯ ಆಳದಲ್ಲಿ ಸುಮಾರು 250 ಬರಹ, ಗೀಚುಗಳು ದೊರೆತಿವೆ. ಬಹುಪಾಲು ಬ್ರಾಹ್ಮಿ ಲಿಪಿಯವು, ಕ್ರಿಸ್ತಶಕದ ಮೊದಲ ಶತಮಾನಗಳ ನಾವಿಕರು ಬರೆದ ಹೆಸರುಗಳು. ಕೆಲವರು ಭರುಕಚ್ಛದವರು, ಅಂದರೆ ಇಂದಿನ ಭರೂಚ್‌ನವರು. ಸಿರಿಯಾದ ಪ್ರಾಚೀನ ನಗರ ಪಾಲ್ಮೈರಾದ ಲಿಪಿಯಲ್ಲಿ ಬರೆದ ಮರದ ಹಲಗೆಯೊಂದರಲ್ಲಿ ಕ್ರಿ.ಶ. 258ಕ್ಕೆ ಸರಿಯಾದ ತೇದಿಯಿದೆ.

ಪ್ರ: ಅಲ್ಲಿಂದ ಬೀಜ ಅಥವಾ ಸಸಿ ತರಬಹುದೇ?

ಉ: ಕೂಡದು. ಗಿಡ, ಬೀಜ, ಪ್ರಾಣಿಗಳನ್ನು ದ್ವೀಪದಿಂದ ಒಯ್ಯಲು ನಿಷೇಧವಿದೆ. ಸೊಕೊಟ್ರಾದ ಎರಡು ಗಿಡಗಳಂತೂ ಹತ್ತೊಂಬತ್ತನೆಯ ಶತಮಾನದಲ್ಲೇ ಹೊರಬಂದು ನರ್ಸರಿ ಸೇರಿವೆ. ನೀಲಿ ಹೂವಿನ, ಸುವಾಸನೆಯ ಎಕ್ಸಾಕಮ್ ಒಂದು. ಚಳಿಗಾಲದಲ್ಲಿ ಹೂ ಬಿಡುವ ಬಿಗೋನಿಯಾ ಸೊಕೊಟ್ರಾನಾ ಇನ್ನೊಂದು. ಸಸ್ಯಶಾಸ್ತ್ರಜ್ಞ ಐಸಾಕ್ ಬೇಲಿ ಬಾಲ್ಫರ್ 1880ರ ಯಾತ್ರೆಯಲ್ಲಿ ತಂದದ್ದು, ಇಂದಿನ ಹಲವು ಚಳಿಗಾಲದ ಬಿಗೋನಿಯಾ ತಳಿಗಳಿಗೆ ತಾಯಿ. ಅದು ಬೇಸಿಗೆಯಲ್ಲಿ ಎಲೆ ಒಣಗಿಸಿ ಬುಡದ ಪುಟ್ಟ ಗೆಡ್ಡೆಗಳಲ್ಲಿ ಮಲಗುತ್ತದೆ. ಸತ್ತಿತೆಂದು ಆಗ ನೀರು ಸುರಿಯುವವರೇ ಹೆಚ್ಚು, ಗೆಡ್ಡೆ ಕೊಳೆಯುವುದು ಅದರಿಂದಲೇ. ಮಣ್ಣು ಒಣಗಿಸಿ ನೆರಳಲ್ಲಿಡಿ, ಚಿಗುರು ಕಂಡ ಮೇಲೆ ನೀರು ಕೊಡಿ.