ವಾರ್ಫರಿನ್ ಶುರುವಾದರೆ ಸೊಪ್ಪು ಪೂರ್ತಿ ಬಿಡಬೇಕಾ?

ನಿಮ್ಮ ತಾಯಿಗೆ 61 ವರ್ಷ, ಹೃದಯದ ಮೈಟ್ರಲ್ ವಾಲ್ವ್ (ಕವಾಟ) ಕಿರಿದಾಗಿದೆ, ಜೊತೆಗೆ ಏಟ್ರಿಯಲ್ ಫೈಬ್ರಿಲೇಶನ್, ಅಂದರೆ ಎದೆಬಡಿತ ಏರುಪೇರಾಗುವ ತೊಂದರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟಿದ್ದಾರೆ, ಸೊಪ್ಪು ಬಿಡಿಸಬೇಕಾ, ಪದೇಪದೇ ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆಗೆ ಹೋಗಬಹುದಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನನ್ನ ಅಮ್ಮನಿಗೂ ಇದೇ ತೊಂದರೆ. ಒಂಬತ್ತು ವರ್ಷದಿಂದ ಅವರ ಮಾತ್ರೆ ನೋಡಿಕೊಳ್ಳುವವಳು ನಾನೇ.

ಸೊಪ್ಪು ಬಿಡಿಸಬೇಡಿ. ನಾವು ಆ ತಪ್ಪು ಮಾಡಿದೆವು. ಯಾರೋ ಹೇಳಿದರು ಅಂತ ಬಸ್ಸಾರು, ಮಸ್ಸೊಪ್ಪು ಎಲ್ಲ ನಿಲ್ಲಿಸಿದೆವು. ಅಮ್ಮನಿಗೆ ಊಟವೇ ರುಚಿಸುತ್ತಿರಲಿಲ್ಲ. ಕೆಲವು ವಾರಕ್ಕೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ಪರೀಕ್ಷೆ ಮಾಡಿಸಿದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಹೇಳುವ ಅಂಕಿ, ಅಂದರೆ ಐಎನ್‌ಆರ್ 5 ದಾಟಿತ್ತು. ಅವರಿಗೆ ಇರಬೇಕಾದದ್ದು 2ರಿಂದ 3. ಸೊಪ್ಪಿನಲ್ಲಿರುವ ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಿಸುತ್ತದೆ, ವಾರ್ಫರಿನ್ ಅದನ್ನು ತಡೆಯುತ್ತದೆ. ಸೊಪ್ಪು ಒಮ್ಮೆಲೇ ನಿಂತರೆ ಅದೇ ಮಾತ್ರೆಯ ಕೆಲಸ ಜಾಸ್ತಿಯಾಗುತ್ತದೆ. ಹಬ್ಬಕ್ಕೆ ತವರಿಗೆ ಹೋಗಿ ವಾರವಿಡೀ ನುಗ್ಗೆಸೊಪ್ಪು ತಿಂದರೆ ಕಡಿಮೆಯಾಗುತ್ತದೆ. ಈಗ ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಸೊಪ್ಪು, ಒಂದೊಂದು ಬಟ್ಟಲು. ಆ ಊಟಕ್ಕೆ ಹೊಂದುವಂತೆ ಡಾಕ್ಟರ್ ಡೋಸ್ ಕೂರಿಸಿದ್ದಾರೆ.

ಸೊಪ್ಪಿಗಿಂತ ನನಗೆ ಹೆದರಿಕೆ ಬೇರೆ ಮಾತ್ರೆಗಳದ್ದು. ಹೊಟ್ಟೆ ಕೆಟ್ಟಿತು ಅಂತ ಸುಮ್ನೆ ತಂದು ನುಂಗುವ ಮೆಟ್ರೊನಿಡಜೋಲ್ ಐಎನ್‌ಆರ್ ಅನ್ನು ಜೋರಾಗಿ ಏರಿಸುತ್ತದೆ. ಮಂಡಿ ನೋವಿನ ಡೈಕ್ಲೊಫೆನಾಕ್‌ನಿಂದ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಮೆಡಿಕಲ್ ಶಾಪಿಗೆ ಹೋದಾಗಲೂ ವಾರ್ಫರಿನ್ ಇದೆ ಎಂದು ಮೊದಲು ಹೇಳಿ.

ಹೊಸ ಮಾತ್ರೆ ಎಂದರೆ ಎಪಿಕ್ಸಬಾನ್, ರಿವರಾಕ್ಸಬಾನ್ ಅಲ್ವಾ? ವಾಲ್ವ್ ಸರಿಯಿರುವ ಬಹಳ ಜನರಿಗೆ ಅವೇ ಮೊದಲ ಆಯ್ಕೆ. ಆದರೆ ಸಂಧಿವಾತ ಜ್ವರದಿಂದ (ರುಮ್ಯಾಟಿಕ್ ಫೀವರ್) ವಾಲ್ವ್ ಕಿರಿದಾದವರ ಕಥೆ ಬೇರೆ. ಇಂಥ 4,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಗುಂಪಿನ ಹಳೆ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ ಇತ್ತು. ಹಾಗಾಗಿ ಹೃದಯದ ಸ್ಕ್ಯಾನ್ ಆದ ಎಕೋ ರಿಪೋರ್ಟ್‌ನಲ್ಲಿ ವಾಲ್ವ್ ಎಷ್ಟು ಕಿರಿದಾಗಿದೆ ಎಂದು ಕೇಳಿ. ನೀವಾಗಿ ಮಾತ್ರೆ ಬದಲಾಯಿಸಬೇಡಿ.

ಮೆಟೊಪ್ರೊಲಾಲ್‌ನಿಂದ ಎದೆಬಡಿತ ಹತೋಟಿಗೆ ಬಂದರೂ ವಾರ್ಫರಿನ್ ನಿಲ್ಲಿಸಬಾರದು. ಅದು ಬಡಿತವನ್ನಷ್ಟೇ ನಿಧಾನ ಮಾಡುತ್ತದೆ, ಹೆಪ್ಪು ಕಟ್ಟುವುದನ್ನು ತಡೆಯುವುದಿಲ್ಲ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು (ಸ್ಟ್ರೋಕ್) ಇರಬಹುದು, ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಕೊನೆಯ ಐಎನ್‌ಆರ್ ಚೀಟಿ ಅಮ್ಮನ ಪರ್ಸಿನಲ್ಲೇ ಇರಲಿ.