ಬೆಳಗಾವಿಯ ಅಂಗಡಿಯಲ್ಲಿ ಹಿತ್ತಾಳೆ ಕಹಳೆಯ ಗ್ರಾಮಫೋನ್, ಜೊತೆಗೆ ಹಾಡಿನ 20 ಹಳೆ ಪ್ಲೇಟು (ರೆಕಾರ್ಡು), ಒಟ್ಟು 22,000 ರೂಪಾಯಿ. ಅಸಲಿ ಇರಬಹುದಾ? ತಗೊಳ್ಳಲಾ? ಪ್ಲೇಟುಗಳ ಮೇಲೆ ಧೂಳು ಜಾಸ್ತಿ ಇದೆ, ಸ್ಪಿರಿಟ್ ಹಚ್ಚಿ ಒರೆಸಿದರೆ ಹೊಸದಾಗುತ್ತೆ ಅಂತ ಅಂಗಡಿಯವರು ಹೇಳಿದರು.

ತಗೋಬೇಡಿ. ಆದರೆ ನಾನು ಬರೆಯೋಕೆ ಕೂತದ್ದು ಬೆಲೆ ನೋಡಿ ಅಲ್ಲ. ನಿಮ್ಮ ಪ್ರಶ್ನೆಯ ಕೊನೆಗೆ ಒಂದು ಸಾಲು ಇದೆಯಲ್ಲ, ಪ್ಲೇಟುಗಳ ಮೇಲೆ ಧೂಳು ಜಾಸ್ತಿ ಇದೆ, ಸ್ಪಿರಿಟ್ ಹಚ್ಚಿ ಒರೆಸಿದರೆ ಹೊಸದಾಗುತ್ತೆ ಅಂತ ಅಂಗಡಿಯವರು ಹೇಳಿದರು ಅಂತ. ಅದನ್ನು ಓದಿ ಸುಮ್ನೆ ಇರೋಕೆ ಆಗಲಿಲ್ಲ.

ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿನಿಂದ ಹಳೆ ಊರಿನ ಎಷ್ಟೋ ಮನೆಗಳು ಖಾಲಿಯಾಗಿ ಜನ ನವನಗರಕ್ಕೆ ಬಂದರಲ್ಲ, ಆಗ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯಿತು. ಕೊಡ, ಹಂಡೆ ಹೊಸ ಮನೆಗೆ ಹೋದವು. ಕರಿ ಪ್ಲೇಟುಗಳು ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ ಹೋದವು. ನಮ್ಮ ಮನೆಯ 11 ಪ್ಲೇಟು ಉಳಿದದ್ದು ಅಜ್ಜಿಯ ಹಟದಿಂದ. ಅಜ್ಜಿಯ ತವರು ಬೀಳಗಿ. ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ ಅಕ್ಕತಂಗಿಯರ ಊರು. ಒಬ್ಬರು ಮರಾಠಿ ರಂಗಭೂಮಿಯಲ್ಲಿ, ಇನ್ನೊಬ್ಬರು ಹಿಂದಿ ಸಿನಿಮಾದಲ್ಲಿ ಹೆಸರು ಮಾಡಿದವರು. ಆ 11ರಲ್ಲಿ ಒಂದು ಅಮೀರಬಾಯಿಯವರದು.

ಅದನ್ನೇ ನಾನು ಹಾಳು ಮಾಡಿದೆ.

ಆಗ ನಾನು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸೋದು ದಿನದ ಕೆಲಸ. ಆಮೇಲಿನ ಕಾಲದ ಪ್ಲಾಸ್ಟಿಕ್ಕಿನ ಎಲ್‌ಪಿ ಪ್ಲೇಟುಗಳನ್ನೂ ಹಾಗೇ ಒರೆಸಿದ್ದೆ, ಏನೂ ಆಗಿರಲಿಲ್ಲ. ಒಂದು ಭಾನುವಾರ ಅಮೀರಬಾಯಿ ಪ್ಲೇಟು ತೆಗೆದೆ. ಮನೆಯಲ್ಲಿ ಸ್ಪಿರಿಟ್ ಇರಲಿಲ್ಲ, ಕಾಕಾನ ಬಡಿಗತನದ ಶೆಡ್ಡಿನಿಂದ ಅರ್ಧ ಬಾಟಲಿ ತಂದೆ. ಒಂದು ಸಲ ಒರೆಸಿದೆ, ಹತ್ತಿ ಕಪ್ಪಾಯಿತು. ಅಬ್ಬಾ, ಎಷ್ಟು ಹೊಲಸು ಇತ್ತು ಅಂತ ಖುಷಿಯಾಯಿತು. ಇನ್ನೊಂದು ಹತ್ತಿ. ಅದೂ ಕಪ್ಪು. ಮೂರನೆಯದೂ ಕಪ್ಪು. ಬರುತ್ತಿದ್ದದ್ದು ಹೊಲಸಲ್ಲ, ಪ್ಲೇಟೇ.

ಒಣಗಿದ ಮೇಲೆ ಎರಡು ಬೆರಳಗಲ ಮಂಕು ಕಲೆ ಕಂಡಿತು, ಒದ್ದೆ ಕೈಯಲ್ಲಿ ಒರೆಸಿದ ಸ್ಲೇಟಿನ ಹಾಗೆ. ಪಿನ್ನು ಇಟ್ಟೆ. ಅರ್ಧ ಸುತ್ತು ದನಿ, ಆಮೇಲೆ ಬೀಸುಕಲ್ಲಿನಲ್ಲಿ ಜೋಳ ಹಾಕಿದ ಸದ್ದು, ಮತ್ತೆ ದನಿ, ಮತ್ತೆ ಜೋಳ.

ಯಾಕೆ ಹೀಗಾಯಿತು ಅಂದರೆ, ನಿಮಿಷಕ್ಕೆ 78 ಸುತ್ತು ತಿರುಗೋ ಈ ಹಳೆ ಪ್ಲೇಟು ಪ್ಲಾಸ್ಟಿಕ್ ಅಲ್ಲ. ಅರಗು. ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಬಿಸಿಯಲ್ಲಿ ಒತ್ತಿದ್ದು. ಬಡಿಗರು ಚಪಡಾ ಅಂತಾರಲ್ಲ, ಅದೇ ಅರಗು. ಮಂಚಕ್ಕೆ, ಬಾಗಿಲಿಗೆ ಪಾಲಿಶ್ ಹೊಡೆಯೋ ಮುಂಚೆ ಅದನ್ನು ಸ್ಪಿರಿಟ್‌ನಲ್ಲಿ ನೆನೆಹಾಕುತ್ತಾರೆ, ಯಾಕೆಂದರೆ ಸ್ಪಿರಿಟ್‌ನಲ್ಲಿ ಅದು ಕರಗುತ್ತೆ. ನಾನು ಬಾಟಲಿ ಎತ್ತಿಕೊಂಡ ಜಾಗದ ಪಕ್ಕದಲ್ಲೇ ಡಬ್ಬಿಯಲ್ಲಿ ಚಪಡಾ ನೆನೆಯುತ್ತಿತ್ತು! ಕಣ್ಣಾರೆ ನೋಡಿಯೂ ತಲೆಗೆ ಹೋಗಲಿಲ್ಲ. ಕಾಕಾ ಪ್ಲೇಟು ನೋಡಿ ಒಂದೇ ಮಾತು ಅಂದರು: "ತಮ್ಮಾ, ನೀ ಒರಸಿಲ್ಲೋ, ಪಾಲಿಶ್ ಕಿತ್ತೀದಿ."

ಹಾಡು ಇರೋದು ಪ್ಲೇಟಿನ ಮೇಲಿನ ಗೆರೆಗಳ ಸಣ್ಣ ಅಂಕುಡೊಂಕಿನಲ್ಲಿ. ಅದು ಕರಗಿದರೆ ಮುಗೀತು, ಯಾವ ರಿಪೇರಿಯೂ ಇಲ್ಲ. ಕೈಗೆ ಹಚ್ಚೋ ಸ್ಯಾನಿಟೈಸರ್ ಕೂಡ ಇದೇ ಜಾತಿ, ಅದೂ ಬೇಡ. ಮೆತ್ತನೆ ಬಟ್ಟೆ, ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯೋ ದ್ರವದ ಒಂದೇ ಹನಿ. ಗೆರೆಯ ಗುಂಟ ಸುತ್ತಲೂ ಒರೆಸಿ, ನಡುವಿನ ಚೀಟಿಗೆ ನೀರು ತಾಗಿಸಬೇಡಿ, ಕೂಡಲೇ ಒಣ ಬಟ್ಟೆ ಆಡಿಸಿ. ಇಷ್ಟೇ. ಮತ್ತೆ ತಗಡಿನ ಮಾಡಿನ ಕೆಳಗೆ ಇಡಬೇಡಿ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹಪ್ಪಳದ ಹಾಗೆ ಡೊಂಕಾಗುತ್ತವೆ.

ಈಗ ಮಷೀನು. ಅಸಲಿಯೋ ನಕಲಿಯೋ ಅಂತ ಕೇಳಿದ್ದೀರಿ. ಪ್ರಶ್ನೆಯೇ ತಪ್ಪು ಅಂತೀನಿ. ಫಳಫಳ ಹೊಳೆಯೋ ಹಿತ್ತಾಳೆ ಕಹಳೆಯವು ಬಹಳಷ್ಟು ಇತ್ತೀಚೆಗೆ ಜೋಡಿಸಿದವು. ಹಳೆ ಸೂಟ್‌ಕೇಸ್ ಮಾದರಿಯ ಪೆಟ್ಟಿಗೆಯಿಂದ ಮೋಟಾರ್ ಕಿತ್ತು, ಹೊಸ ಕಟ್ಟಿಗೆ ಡಬ್ಬಿಗೆ ಕೂರಿಸಿ, ಮೇಲೊಂದು ನಾಯಿ ಚಿತ್ರ, ಅಂದರೆ ಎಚ್‌ಎಂವಿ ಕಂಪನಿಯ ಗುರುತು, ಅಂಟಿಸಿರುತ್ತಾರೆ. ನಾಯಿ ನೋಡಿ ನಂಬಬೇಡಿ. ಮೊದಲು ಬರೆದ ಚಿತ್ರದಲ್ಲಿ ಆ ನಾಯಿ ಕೂತಿದ್ದೇ ಬೇರೆ ಮಷೀನಿನ ಮುಂದೆ, ಪ್ಲೇಟಿನ ಬದಲು ಉರುಳೆ ತಿರುಗಿಸಿ ಹಾಡಿಸೋ ಎಡಿಸನ್ ಮಾದರಿಯ ಸಿಲಿಂಡರ್ ಫೋನೋಗ್ರಾಫ್. 1899ರಲ್ಲಿ ಚಿತ್ರಕಾರರು ಅದರ ಮೇಲೆ ಗ್ರಾಮಫೋನ್ ಬರೆದು ಗ್ರಾಮಫೋನ್ ಕಂಪನಿಗೆ ಮಾರಿದರು. ಮಷೀನು ಬೇಕೇ ಬೇಕು ಅಂದರೆ ಹೊರಗೆ ಕಹಳೆ ಇಲ್ಲದ, ಸೂಟ್‌ಕೇಸ್ ಮಾದರಿಯ ಎಚ್‌ಎಂವಿ 102 ಹುಡುಕಿ. ನೋಡೋಕೆ ಚಂದ ಇಲ್ಲ, ಆದರೆ ಹಾಡುತ್ತೆ. ಕೀಲಿ ಪೂರ್ತಿ ಕೊಟ್ಟು ಒಂದು ಮುಖ, ಅಂದರೆ ಮೂರು ನಿಮಿಷ, ವೇಗ ತಗ್ಗದೆ ಓಡುತ್ತಾ ಅಂತ ಅಂಗಡಿಯಲ್ಲೇ ನೋಡಿ. ಪ್ರತಿ ಮುಖಕ್ಕೂ ಹೊಸ ಪಿನ್ನು. ಇದರಲ್ಲಿ ಜಿಪುಣತನ ಮಾಡಿದರೆ ಸವೆದ ಪಿನ್ನು ಪ್ಲೇಟನ್ನು ಉಳುತ್ತೆ. ಪ್ಲಾಸ್ಟಿಕ್ ಎಲ್‌ಪಿಯನ್ನಂತೂ ಇದರ ಮೇಲೆ ಇಡಲೇಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಪ್ಲೇಟು ಕೊಳ್ಳುತ್ತಿದ್ದೆ, ಅದೂ 20ರ ಕಟ್ಟನ್ನಲ್ಲ. ಒಂದೊಂದಾಗಿ ತೆಗೆಸಿ, ಬೆಳಕಿಗೆ ಓರೆ ಹಿಡಿದು, ಅಂಚಿನಲ್ಲಿ ಉಗುರು ಆಡಿಸಿ ಬಿರುಕು ನೋಡಿ, ನಾಲ್ಕೋ ಐದೋ. ಚೀಟಿಯ ಮೇಲಿನ ಹೆಸರು ಸರಿಯಾಗಿ ಓದಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ಗಾಂಧಾರಿ ಅನ್ನೋ ಹೆಸರಲ್ಲಿ ಬಂದಿದ್ದವು. ಇದು ಗೊತ್ತಿಲ್ಲದ ಅಂಗಡಿಯವರು ಅದನ್ನು ಯಾರದೋ ಅಂತ ಬದಿಗೆ ಹಾಕಿರುತ್ತಾರೆ.

ನಾನು ಒರೆಸಿದ್ದು ಒಂದು ಮುಖ ಮಾತ್ರ. ಇನ್ನೊಂದು ಮುಖ ಸರಿಯಾಗಿದೆ, ಈಗಲೂ ಹಾಡುತ್ತೆ. ಬಾಗಲಕೋಟೆ ಕಡೆ ಬಂದರೆ ಕೇಳಿಸ್ತೀನಿ, ಪಿನ್ನು ಮಾತ್ರ ನೀವೇ ತನ್ನಿ.