ಅಂತರಾ ಬಂದರೆ ಗಂಟಲು ಕಟ್ಟುತ್ತದೆ, ಗುರುಗಳಿಗೆ ಹೇಳುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯ ಶಿಕ್ಷಕಿ, ವಯಸ್ಸು 46. ನಮ್ಮ ಓಣಿಯ ವಚನ ಗಾಯನ ತಂಡದಲ್ಲಿ 12 ಹೆಣ್ಣುಮಕ್ಕಳು, 7 ಗಂಡಸರು. ಗುರುಗಳು ಒಂದು ಪೈಸೆ ತೊಗೊಳ್ಳದೆ ಕಲಿಸುತ್ತಾರೆ. ಆದರೆ ಯಾವ ಹಾಡಾದರೂ ಅವರ ಶ್ರುತಿ (ಷಡ್ಜ, ಅಂದರೆ ‘ಸ’ ಇಡುವ ಮನೆ) ಹಾರ್ಮೋನಿಯಂನ ಕರಿ ಒಂದೇ, ಅಂದರೆ ಮೊದಲ ಕಪ್ಪು ಮನೆ. ಉತ್ಸವಕ್ಕೆ ಕಲಿಯುತ್ತಿರುವ ವಚನದ ಅಂತರಾ (ಮೇಲಕ್ಕೇರುವ ಎರಡನೇ ಭಾಗ) ತಾರ ಮಧ್ಯಮ, ಅಂದರೆ ಮೇಲಿನ ಸಪ್ತಕದ (ಏಳು ಸ್ವರಗಳ ಗುಂಪಿನ) ‘ಮ’ ಮುಟ್ಟುತ್ತದೆ. ಅಲ್ಲಿ ನಾವು ತಡವರಿಸಿದರೆ ‘ಹೆಣ್ಣುಮಕ್ಕಳು ಬೇಸೂರು’ (ಶ್ರುತಿ ತಪ್ಪುತ್ತಾರೆ) ಎಂದು ಎಲ್ಲರೆದುರು ಬೈಯುತ್ತಾರೆ. ನಾಲ್ವರು ಬೇರೆ ಮಹಿಳಾ ಮಂಡಳಿ ಕಟ್ಟೋಣ ಎನ್ನುತ್ತಿದ್ದಾರೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಹತ್ತಿರ ಬಂತು. ಏನು ಮಾಡಲಿ?

ಉತ್ತರ: ಅಕ್ಕಾ, ತಂಡ ಒಡೆಯುವ ಮಾತು ಸದ್ಯ ಬಿಡಿ. ತಪ್ಪು ನಿಮ್ಮ ಕಂಠದ್ದಲ್ಲ, ಶ್ರುತಿಯದು. ಕರಿ ಒಂದು ಗಂಡಸರು ಒಬ್ಬರೇ ಹಾಡಲು ಹೇಳಿಮಾಡಿಸಿದ ಶ್ರುತಿ. ಹೆಂಗಸರು ಒಬ್ಬರೇ ಹಾಡಿದರೆ ಸಾಮಾನ್ಯವಾಗಿ ಕರಿ ನಾಲ್ಕೋ ಐದೋ ಹಿಡಿಯುತ್ತಾರೆ. ಕೂಡಿ ಹಾಡುವಾಗ ಹೆಂಗಸರ ದನಿ ಒಂದು ಸಪ್ತಕ ಮೇಲೆ ಓಡುತ್ತದೆ. ಕರಿ ಒಂದರ ತಾರ ಮಧ್ಯಮವೆಂದರೆ ಕರಿ ಮೂರು. ರಿಯಾಜ್ (ದಿನದ ಅಭ್ಯಾಸ) ಇಲ್ಲದ ಕಂಠಕ್ಕೆ ಅದು ಚೀರಿದರಷ್ಟೇ ಸಿಗುತ್ತದೆ. ಅರ್ಧ ಮಂದಿ ಚೀರುತ್ತಾರೆ, ಉಳಿದವರು ಸದ್ದಿಲ್ಲದೆ ಗಂಡಸರ ಸಪ್ತಕಕ್ಕೆ ಇಳಿಯುತ್ತಾರೆ. ಗುರುಗಳ ಕಿವಿಗೆ ಬೇಸೂರು ಎನಿಸುವುದು ಬಹುಶಃ ಇದೇ.

ಹವ್ಯಾಸಿ ತಂಡಕ್ಕೆ ಶ್ರುತಿ ಇಡುವುದು ಕಲಿಸುವವರ ಕಂಠ ನೋಡಿ ಅಲ್ಲ, ಧಾಟಿ ನೋಡಿ. ಧಾಟಿಯ ಅತಿ ಕೆಳಗಿನ ಸ್ವರ ಬಿಳಿ ಆರಕ್ಕಿಂತ (ಆರನೇ ಬಿಳಿ ಮನೆ) ಕೆಳಗೆ ಹೋಗಬಾರದು, ಅತಿ ಮೇಲಿನದು ಅಲ್ಲಿಂದ ಒಂದು ಪೂರ್ತಿ ಸಪ್ತಕ ಏರಿದ ಮೇಲೆ ಸಿಗುವ ಬಿಳಿ ಎರಡನ್ನು ದಾಟಬಾರದು. ಗಂಡಸರು, ಹೆಂಗಸರು ತಮ್ಮ ತಮ್ಮ ಸಪ್ತಕದಲ್ಲಿ ಇಷ್ಟರೊಳಗೆ ಆರಾಮಾಗಿ ಹಾಡಬಲ್ಲರು. ನಿಮ್ಮ ವಚನ ಮಧ್ಯ ಷಡ್ಜದಿಂದ ತಾರ ಮಧ್ಯಮದವರೆಗೆ ಇದ್ದರೆ ಷಡ್ಜವನ್ನು ಬಿಳಿ ಆರಕ್ಕಿಡಿ. ಮಂದ್ರ ಪಂಚಮಕ್ಕೆ (ಕೆಳಗಿನ ಸಪ್ತಕದ ‘ಪ’) ಇಳಿದು ತಾರ ಷಡ್ಜಕ್ಕೆ ನಿಲ್ಲುವ ಹಾಡಿಗೆ ಬಿಳಿ ಎರಡು. ಇನ್ನೂ ಅಗಲದ ಧಾಟಿಗೆ ಎಲ್ಲರಿಗೂ ಒಗ್ಗುವ ಶ್ರುತಿಯೇ ಇಲ್ಲ. ಕೆಳಗಿನ ಸಾಲು ದಪ್ಪ ದನಿಯ ಗಂಡಸರಿಗೆ, ಮೇಲಿನದು ಸಲೀಸಾಗಿ ಏರುವ ಇಬ್ಬರು ಮೂವರಿಗೆ ಹಂಚಬೇಕು.

ಇದನ್ನು ತಾಲೀಮಿನ ನಡುವೆ ಎತ್ತಬೇಡಿ. ಅರ್ಧ ಗಂಟೆ ಮೊದಲು ಹೋಗಿ, ‘ಸರ್, ಅಂತರಾ ನಮಗ ಮುಟ್ಟವಲ್ದುರೀ, ಒಂದ್ ಸಲ ಬಿಳಿ ಆರಕ್ಕ ಹಾಡಿಸಿ ನೋಡ್ರಿ’ ಎನ್ನಿ. ಕೀಬೋರ್ಡ್ ಇದ್ದರೆ ಟ್ರಾನ್ಸ್‌ಪೋಸ್ ಮೈನಸ್ 4 ಒತ್ತಿದರಾಯಿತು. ಗುರುಗಳ ಬೆರಳು ಕರಿ ಒಂದರಲ್ಲೇ ಇರುತ್ತದೆ, ದನಿ ಬಿಳಿ ಆರರದು ಬರುತ್ತದೆ. (ಹಿರಿಯರ ಮರ್ಜಿ ಕಾಯಲು ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ.) ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಹಾರ್ಮೋನಿಯಂ ಕೂಡ ನಡೆಯುತ್ತದೆ. ಎರಡೂ ಶ್ರುತಿಯಲ್ಲಿ ಅಂತರಾ ಹಾಡಿ, ಹತ್ತಡಿ ದೂರದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ ಕೇಳಿಸಿ. ನೀವು ವಾದಿಸುವ ಪ್ರಸಂಗವೇ ಬರಲಿಕ್ಕಿಲ್ಲ.

ಎಲ್ಲರೆದುರು ಬೈಯುವುದು ಬೇರೆ ವಿಷಯ. ಅದನ್ನೂ ಅಂದೇ, ಮೆಲ್ಲಗೆ, ಆದರೆ ಮುಚ್ಚಿಡದೆ ಹೇಳಿ. ಯಾರದಾದರೂ ದನಿ ಮೂರು ವಾರ ಕಟ್ಟಿಯೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಲಿ.

ತಬಲಾದವರು ತಕರಾರು ತೆಗೆಯಬಹುದು: ಕರಿ ಒಂದರ ತಬಲಾ ಬಿಳಿ ಆರಕ್ಕೆ ಇಳಿಯುವುದಿಲ್ಲ. ಇಳಿಸುವುದು ಬೇಡ, ಅರ್ಧ ಸ್ವರ ಏರಿಸಿ ಬಿಳಿ ಎರಡಕ್ಕೆ ಕೂಡಿಸಲಿ. ಅದು ಹೊಸ ಷಡ್ಜಕ್ಕೆ ಶುದ್ಧ ಮಧ್ಯಮ. ನಿಮ್ಮ ಧಾಟಿಯಲ್ಲಿ ಆ ಸ್ವರ ಇದ್ದರೆ ಚೆನ್ನಾಗಿ ಕೂಡುತ್ತದೆ.